ಅಣ್ಣನ ಬೆನ್ನಿನ ಹದ್ದುಬಸ್ತು

ಫೆಬ್ರುವರಿಯಲ್ಲಿ ಸಕಲೇಶಪುರದ ತೋಟದಲ್ಲಿ ಮೆಣಸು ಕೊಯ್ಯುತ್ತಿದ್ದ ಅಣ್ಣ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ್ದ ಏಣಿಯಿಂದ ಬಿದ್ದ. ಹಾಸನದಲ್ಲಿ ಸ್ಕ್ಯಾನ್ ಮಾಡಿಸಿದಾಗ ಸೊಂಟದ ಮೊದಲ ಕಶೇರು, ಅಂದರೆ ಬೆನ್ನೆಲುಬಿನ ಒಂದು ಮೂಳೆ, ಚೂರಾಗಿರುವುದು ಕಂಡಿತು. ಮಂಗಳೂರಿನ ಆಸ್ಪತ್ರೆಗೆ ಹೋಗುವಾಗ ಶಿರಾಡಿ ಘಾಟಿಯ ಒಂದೊಂದು ಗುಂಡಿಯನ್ನೂ ಎಣಿಸಿದೆ. ಆ ಕಥೆ ಇಲ್ಲಿ ಬೇಡ.

ವೈದ್ಯರ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಬೆನ್ನೆಲುಬು ಇತ್ತು. ಮುರಿದ ಕಶೇರುವಿನ ಮೇಲೆರಡು, ಕೆಳಗೆರಡು ಕಶೇರುಗಳಿಗೆ ಒಟ್ಟು ಎಂಟು ಸ್ಕ್ರೂ ಹಾಕಿ, ಸರಳುಗಳಿಂದ ಬಿಗಿಯಬೇಕು ಎಂದರು. ಸ್ಕ್ರೂ ಇಳಿಯುವ ದಾರಿಗೆ ಪೆಡಿಕಲ್ ಎಂದು ಹೆಸರು. ಸಣ್ಣದೊಂದು ಮೂಳೆಯ ಸೇತುವೆ. ಎದೆಯ ನಡುಭಾಗದಲ್ಲಿ ಕೆಲವರಿಗೆ ಅದು 5 ಮಿಲಿಮೀಟರ್ ಅಗಲವೂ ಇರುವುದಿಲ್ಲ. ಅಣ್ಣನಿಗೆ ಬೇಕಾದ ಕಡೆ ಅದಕ್ಕಿಂತ ಸ್ವಲ್ಪ ಉದಾರ. ಸ್ಕ್ರೂ ಒಳಕ್ಕೆ ವಾಲಿದರೆ ನರಗಳು, ಮುಂದಕ್ಕೆ ತೂರಿದರೆ ದೊಡ್ಡ ರಕ್ತನಾಳ.

"ಕಂಪ್ಯೂಟರ್ ದಾರಿ ತೋರಿಸುತ್ತದೆ" ಎಂದಾಗ ನನ್ನ ಹೆದರಿಕೆ ಹೆಚ್ಚಾಯಿತು. ಮೊಬೈಲ್ ನಕ್ಷೆಯನ್ನು ನಂಬಿ ಆಲೂರಿನ ಹತ್ತಿರ ಕೆರೆ ಏರಿಗೆ ಕಾರು ಹತ್ತಿಸಿದವನು ನಾನು.

ಅವರು ಬಿಡಿಸಿ ಹೇಳಿದ ಮೇಲೆ ನಗು ಬಂತು. ಇದು ನನ್ನ ಕಸುಬೇ! ನಾನು ಭೂಮಾಪಕ. ನಮ್ಮ ಅಳತೆಯ ಯಂತ್ರ ಟೋಟಲ್ ಸ್ಟೇಷನ್ ಅವಗೆಂಪು (ಇನ್‌ಫ್ರಾರೆಡ್) ಕಿರಣ ಬಿಟ್ಟು, ಪ್ರಿಸಂನಿಂದ ಮರಳಿದ್ದನ್ನು ಅಳೆಯುತ್ತದೆ. ಶಸ್ತ್ರಕ್ರಿಯೆಯ ಕೋಣೆಯಲ್ಲಿಯೂ ಅವಗೆಂಪು ಕ್ಯಾಮೆರಾ. ಪ್ರಿಸಂ ಬದಲು ಬೆಳಕನ್ನು ಹಿಂದಿರುಗಿಸುವ ಪುಟ್ಟ ಗೋಲಿಗಳು. ಗೋಲಿಗಳಿರುವ ಒಂದು ಚೌಕಟ್ಟನ್ನು ರೋಗಿಯ ಮೂಳೆಗೇ ಕಚ್ಚಿಸುತ್ತಾರೆ. ಅದೇ ಬಾಂದು ಕಲ್ಲು, ಅಳತೆಗೆ ಆಧಾರವಾದ ಗಡಿಗುರುತು. ಹಾಸನದ ಸ್ಕ್ಯಾನ್ ಅಂಗಾತ ಮಲಗಿಸಿ ತೆಗೆದದ್ದು, ಶಸ್ತ್ರಕ್ರಿಯೆ ಬೋರಲು ಮಲಗಿಸಿ. ಮುರಿದ ಬೆನ್ನು ಅಷ್ಟರಲ್ಲಿ ಜರುಗಿರುತ್ತದೆ. ಹಾಗಾಗಿ ಕಲ್ಲು ನೆಟ್ಟ ಮೇಲೆ, ಮೇಜಿನ ಮೇಲೆಯೇ ಹೊಸದಾಗಿ ಸ್ಕ್ಯಾನ್.

"ಯಾರಾದರೂ ಚೌಕಟ್ಟಿಗೆ ಮೊಣಕೈ ತಾಗಿಸಿದರೆ?" ಎಂದು ಕೇಳಿದೆ. ಜಮೀನಿನ ಗಡಿ ಗುರುತಿಸುವ ಹದ್ದುಬಸ್ತಿಗೆ ಹೋದಲ್ಲಿ ಟ್ರೈಪಾಡ್‌ಗೆ ಎಮ್ಮೆ ಗುದ್ದಿ ಇಡೀ ದಿನದ ಅಳತೆ ಹಾಳಾದವನಿಗೆ ಬೇರೆ ಯಾವ ಪ್ರಶ್ನೆ ಹೊಳೆಯಬೇಕು?

ವೈದ್ಯರು ಹುಬ್ಬೇರಿಸಿದರು. "ಪರದೆಯಲ್ಲಿ ಚಿತ್ರ ಸರಿಯಾಗಿಯೇ ಕಾಣುತ್ತಿರುತ್ತದೆ, ಜಾಗ ಮಾತ್ರ ತಪ್ಪು. ಅದಕ್ಕೇ ಆಗಾಗ ಗೊತ್ತಿರುವ ಮೂಳೆಯ ತುದಿಯನ್ನು ಮುಟ್ಟಿ, ಪರದೆಯೂ ಅಲ್ಲಿಯೇ ತೋರಿಸುತ್ತದೆಯೇ ಎಂದು ನೋಡುತ್ತೇವೆ. ತಾಳೆಯಾಗದಿದ್ದರೆ ಮತ್ತೆ ಸ್ಕ್ಯಾನ್."

ಪರದೆಯನ್ನು ಹೊಗಳಿದ್ದರೆ ನಾನು ಇನ್ನೊಬ್ಬ ವೈದ್ಯರನ್ನು ಹುಡುಕುತ್ತಿದ್ದೆನೇನೋ. ಹಳೆಯ ಕಲ್ಲಿಗೆ ಮರಳಿ ಅಳತೆ ತಾಳೆ ನೋಡುತ್ತೇನೆ ಎಂದವರ ಮುಂದೆ ಒಪ್ಪಿಗೆ ಪತ್ರಕ್ಕೆ ತಕ್ಷಣ ಸಹಿ ಹಾಕಿದೆ.

ಮೂರನೆಯ ದಿನ ಅಣ್ಣ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಬೆಳ್ಳಗೆ ಎಂಟು ಸ್ಕ್ರೂ.

"ಎಂಟು ಕಲ್ಲು ನೆಟ್ಟಿದ್ದಾರಲ್ಲೋ. ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟಿದ್ದರಂತೇನು?"