ಕುರ್ಚಿಗೆ ಚಕ್ರ ಇಲ್ಲ ತಾನೆ?

ನಮ್ಮ ಕಾಲೇಜಿನ ಆಡಿಟೋರಿಯಂ ಸ್ಟೇಜಿಗೆ ಹಾಕಿರೋದು ಮರದ ಹಲಗೆ ಅನ್ನೋದು ಮೂರು ವರ್ಷ ಅಲ್ಲೇ ಓಡಾಡಿದ ನನ್ನ ಗಮನಕ್ಕೇ ಬಂದಿರ್ಲಿಲ್ಲ. ಅದನ್ನ ತೋರಿಸಿಕೊಟ್ಟಿದ್ದು ಫೈನಲ್ ಇಯರ್‌ನಲ್ಲಿ ನಮಗೆ ವರ್ಕ್‌ಶಾಪ್ ಮಾಡೋಕೆ ಬಂದಿದ್ದ ಡ್ಯಾನ್ಸ್ ಕಂಪನಿಯ ಮೇಡಂ. ಅವ್ರು ಬಂದವ್ರೇ ಚಪ್ಪಲಿ ಬಿಟ್ಟು ಸ್ಟೇಜ್ ಹತ್ತಿ ಹಿಮ್ಮಡೀಲಿ ಎರಡು ಸಲ ಗುದ್ದಿ ಸದ್ದು ಕೇಳಿಸ್ಕೊಂಡು, "ಕೆಳಗೆ ಟೊಳ್ಳಿದೆ, ಒಳ್ಳೆ ನೆಲ, ಇಲ್ಲೇ ಮಾಡೋಣ" ಅಂದ್ರು. ಕಾಂಕ್ರೀಟ್ ಮೇಲೆ ಟೈಲ್ಸ್ ಹಾಕಿದ ನೆಲದಲ್ಲಿ ಹಾರಿ ಇಳಿದ್ರೆ ಆ ಪೆಟ್ಟೆಲ್ಲ ಮೊಣಕಾಲು, ಕಣಕಾಲಿಗೇ ಹೋಗುತ್ತೆ, ಮರ ಆದ್ರೆ ಸ್ವಲ್ಪ ತಾನೂ ತಗೊಳ್ಳುತ್ತೆ ಅಂತ ಅವತ್ತು ಗೊತ್ತಾಯ್ತು. ನಾನು ಡ್ಯಾನ್ಸರ್ ಅಲ್ಲ, ಕಾಮರ್ಸ್ ಓದ್ತಿದ್ದೋಳು. ಆದ್ರೂ ಆ ಎರಡು ದಿನ ಮುಗಿದ್ಮೇಲೆ ಮೇಡಂ ಹತ್ರ ಹೋಗಿ, ನಿಮಗೆ ಯಾವ ಕೆಲಸಕ್ಕಾದ್ರೂ ಜನ ಬೇಕಿದ್ರೆ ನಾನು ಬರ್ತೀನಿ ಅಂದೆ.

ಆ ಕೆಲಸ ಬಂದಿದ್ದು 2020ರಲ್ಲಿ. ಶೋಗಳೆಲ್ಲ ಕ್ಯಾನ್ಸಲ್ ಆಗಿ, ಸ್ಟುಡಿಯೋಗೆ ಬೀಗ ಬಿದ್ದು, ಕಂಪನಿ ತನ್ನ ಕ್ಲಾಸ್‌ಗಳನ್ನೆಲ್ಲ ಝೂಮ್‌ಗೆ ತಂತು. ಅದ್ರಲ್ಲಿ ಶನಿವಾರದ ಒಂದು ಕ್ಲಾಸ್ ಪಾರ್ಕಿನ್ಸನ್, ಅಂದ್ರೆ ಮೈ ನಡುಗೋ, ಬಿಗಿಯಾಗೋ ಕಾಯಿಲೆ ಇರೋವ್ರಿಗೆ, ಅವ್ರ ಮನೆಯವ್ರಿಗೆ. ಈ ಥರದ ಕ್ಲಾಸ್‌ಗಳಿಗೆ ದಾರಿ ಹಾಕಿಕೊಟ್ಟಿದ್ದು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿರೋ ಮಾರ್ಕ್ ಮಾರಿಸ್ ಡ್ಯಾನ್ಸ್ ಗ್ರೂಪ್, 2001ರಲ್ಲಿ. ನನಗೆ ಅದ್ರಲ್ಲಿ ತುಂಬಾ ಇಷ್ಟ ಆಗೋ ವಿಷ್ಯ ಅಂದ್ರೆ ಮೊದಲು ಕೇಳಿದ್ದು ಕಂಪನಿ ಅಲ್ಲ, ಅಲ್ಲಿನ ಪಾರ್ಕಿನ್ಸನ್ ಗುಂಪಿನವ್ರೇ ಹೋಗಿ ನಮಗೂ ಡ್ಯಾನ್ಸ್ ಕಲಿಸ್ತೀರಾ ಅಂತ ಕೇಳಿದ್ದು, ಆಮೇಲೆ ಕಂಪನಿಯ ಡ್ಯಾನ್ಸರ್‌ಗಳೇ ನಿಂತು ಕಲಿಸಿದ್ದು, ಅದೂ ಚಿಕಿತ್ಸೆ ಅಂತ ಅಲ್ಲ, ಡ್ಯಾನ್ಸ್ ಅಂತಾನೇ.

ನಂಗೆ ಮೇಡಂ ಕೊಟ್ಟಿದ್ದು ಫೋನ್ ಮಾಡೋ ಕೆಲಸ. ಶುಕ್ರವಾರ ಸಾಯಂಕಾಲ ಲಿಸ್ಟ್‌ನಲ್ಲಿರೋ ಪ್ರತಿಯೊಬ್ಬರಿಗೂ ಕಾಲ್ ಮಾಡ್ಬೇಕು. ಲಿಂಕ್ ಕಳ್ಸಿದ್ರೆ ಸಾಕಲ್ವಾ ಅಂತ ನಾನು ಕೇಳ್ದೆ, ಅದಕ್ಕವ್ರು "ಲಿಂಕ್ ಫೋನ್‌ಗೆ ತಲುಪುತ್ತೆ ಕಣಮ್ಮಾ, ಮನುಷ್ಯರಿಗೆ ತಲುಪ್ಬೇಕಲ್ಲ" ಅಂದ್ರು. ಕೇಳ್ಬೇಕಾದ ಪ್ರಶ್ನೆಗಳನ್ನ ಬರೆದೇ ಕೊಟ್ಟಿದ್ರು. ಕುರ್ಚಿಗೆ ಚಕ್ರ ಇಲ್ಲ ತಾನೆ? ಕುರ್ಚಿ ಗೋಡೆಗೆ ಆನಿಸಿದೀರಾ? ನೆಲದ ಮೇಲೆ ಮ್ಯಾಟ್ ಇದ್ರೆ ಮಡಚಿಡ್ತೀರಾ? ಕಾಲಿಗೆ ಏನು ಹಾಕ್ಕೊಂಡಿದೀರಾ, ಬರೀ ಸಾಕ್ಸ್ ಬೇಡ. ಮಾತ್ರೆ ತಗೊಳ್ಳೋದು ಎಷ್ಟೊತ್ತಿಗೆ? ಈ ಕೊನೇದು ಯಾಕೆ ಅಂತ ಆಮೇಲೆ ಅರ್ಥ ಆಯ್ತು, ಮಾತ್ರೆಯ ಪರಿಣಾಮ ಇಳಿಯೋ ಹೊತ್ತಿಗೆ ಮೈ ಬಿಗಿಯಾಗಿ ನಡುಕ ಜಾಸ್ತಿ ಆಗುತ್ತೆ, ಕೆಲವ್ರಿಗೆ ಕ್ಲಾಸ್ ಟೈಮೇ ಆ ಹೊತ್ತಾಗಿರುತ್ತೆ. ನಾವು ಒಂದು ಸಲ ಕ್ಲಾಸನ್ನೇ ಅರ್ಧ ಗಂಟೆ ಹಿಂದಕ್ಕೆ ತಂದ್ವಿ ಇದೇ ಕಾರಣಕ್ಕೆ.

ಫೋನ್ ಇಡೋ ಜಾಗದ ಬಗ್ಗೇನೇ ಎಷ್ಟೋ ಮಾತಾಡಿದೀನಿ. ಟೀಪಾಯಿ ಮೇಲೆ ಇಟ್ರೆ ಬರೀ ಸೂರು ಕಾಣುತ್ತೆ, ತುಂಬ ಹತ್ರ ಇಟ್ರೆ ಮುಖ ಮಾತ್ರ, ಮೇಡಂಗೆ ಪಾದ ಕಾಣ್ಬೇಕು, ಪಾದ ಕಾಣದಿದ್ರೆ ಯಾರು ವಾಲ್ತಿದಾರೆ ಅಂತ ಗೊತ್ತಾಗಲ್ಲ.

ಕ್ಲಾಸ್ ಶುರು ಆದ್ಮೇಲೆ ಬೇರೆ ಥರದ ಕಷ್ಟ. ಝೂಮ್‌ಗೆ ಮಾತು ಮಾತ್ರ ಮಾತು, ಸಂಗೀತ ಅದಕ್ಕೆ ಗದ್ದಲ, ತಾನಾಗೇ ಕತ್ತರಿಸಿ ಹಾಕುತ್ತೆ, ಸೆಟ್ಟಿಂಗ್ಸ್‌ಗೆ ಹೋಗಿ ಒರಿಜಿನಲ್ ಸೌಂಡ್ ಆನ್ ಮಾಡೋವರ್ಗೂ ಮೃದುವಾದ ಭಾಗ ಕೇಳಿಸೋದೇ ಇಲ್ಲ. ಆಮೇಲೆ ಸದ್ದು ಒಬ್ಬೊಬ್ಬರ ಮನೆಗೆ ಒಂದೊಂದು ಹೊತ್ತಿಗೆ ಹೋಗಿ ಮುಟ್ಟುತ್ತಲ್ಲ, ಅದಕ್ಕೆ ಎಲ್ರನ್ನೂ ಮ್ಯೂಟ್ ಮಾಡ್ಲೇಬೇಕು, ಮೇಡಂ ಕಣ್ಣಿಗೆ ಹದಿನೈದು ಜನ ಹದಿನೈದು ತಾಳದಲ್ಲಿ ಕಾಣ್ತಾರೆ, ಅವ್ರವ್ರ ಮನೇಲಿ ಅವ್ರವ್ರು ಸರಿಯಾಗೇ ಇರ್ತಾರೆ. ತಾಳ ನೋಡಿ ತಿದ್ದೋಕೆ ಆಗಲ್ಲ ಅಂದ್ಮೇಲೆ ಮೇಡಂ ಬೇರೆಯದನ್ನ ನೋಡೋಕೆ ಶುರು ಮಾಡಿದ್ರು, ಭುಜ ಬಿಗಿದಿದೆಯಾ, ಉಸಿರು ಕಟ್ಟಿದಾರಾ, ಕಣ್ಣು ಕೈಯ ಜೊತೆ ಹೋಗ್ತಿದೆಯಾ. ಎಡ ಬಲದ ಗೊಂದಲಕ್ಕೆ ಅವ್ರೇ ಉಪಾಯ ಕಂಡ್ಕೊಂಡ್ರು, ಎಲ್ರೂ ಬಲಗೈ ಮಣಿಕಟ್ಟಿಗೆ ಒಂದು ಬಟ್ಟೆ ಕಟ್ಕೋಬೇಕು, "ಬಟ್ಟೆ ಕೈ ಮೇಲೆ" ಅಂದ್ರೆ ಮುಗೀತು, ಸ್ಕ್ರೀನ್‌ನಲ್ಲಿ ಯಾವ ಕಡೆ ಕಂಡ್ರೂ ಚಿಂತೆ ಇಲ್ಲ.

ಕೆಲವ್ರು ಕ್ಯಾಮೆರಾ ಆಫ್ ಇಟ್ಕೊಂಡೇ ಬರ್ತಿದ್ರು. ಆನ್ ಮಾಡಿ ಅಂತ ಹೇಳೋಣ್ವಾ ಅಂತ ಕೇಳಿದ್ದಕ್ಕೆ ಮೇಡಂ ಅವತ್ತು ನನಗೆ ಅಮೆರಿಕದ ಬ್ಯಾಲೆ ಡ್ಯಾನ್ಸರ್ ಆರ್ಥರ್ ಮಿಚೆಲ್ ಕಥೆ ಹೇಳಿದ್ರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆ ಆದ್ಮೇಲೆ, ತಾನು ಬೆಳೆದ ನ್ಯೂಯಾರ್ಕ್‌ನ ಹಾರ್ಲೆಮ್ ಬಡಾವಣೆಯ ಮಕ್ಕಳಿಗೆ ಏನಾದ್ರೂ ಮಾಡ್ಬೇಕು ಅಂತ ಒಂದು ಗ್ಯಾರೇಜಿನಲ್ಲಿ ಬ್ಯಾಲೆ ಕಲಿಸೋಕೆ ಶುರು ಮಾಡಿದವ್ರು, 1969ರಲ್ಲಿ ಅದೇ ಡ್ಯಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ಅನ್ನೋ ಬ್ಯಾಲೆ ಕಂಪನಿ ಆಯ್ತು. ಸೆಖೆಗೆ ಗ್ಯಾರೇಜಿನ ಬಾಗಿಲು ತೆಗೆದೇ ಇಡ್ತಿದ್ರಂತೆ, ರಸ್ತೇಲಿ ಹೋಗೋವ್ರು ನಿಂತು ನೋಡೋರಂತೆ, ಹಾಗೆ ನಿಂತವ್ರಲ್ಲಿ ಎಷ್ಟೋ ಮಕ್ಕಳು ಒಳಗೆ ಬಂದ್ರಂತೆ. "ಕ್ಯಾಮೆರಾ ಆಫ್ ಇಟ್ಟವ್ರು ಬಾಗಿಲಲ್ಲಿ ನಿಂತಿದಾರೆ, ನಿಲ್ಲಲಿ ಬಿಡು" ಅಂದ್ರು. ನಂಗೆ ಆ ಮಾತು ಇವತ್ತಿಗೂ ಮರೆತಿಲ್ಲ.

ಹಾಗೆ ಬಾಗಿಲಲ್ಲಿ ನಿಂತಿದ್ದವ್ರಲ್ಲಿ ಒಬ್ರು ರಿಟೈರ್ಡ್ ಮೇಷ್ಟ್ರು. ಶುಕ್ರವಾರ ನಾನು ಫೋನ್ ಮಾಡಿದ್ರೆ ಎಲ್ಲಾದಕ್ಕೂ ಉತ್ತರ ಕೊಡೋರು, ಕುರ್ಚಿಗೆ ಚಕ್ರ ಇಲ್ಲಮ್ಮಾ, ಮ್ಯಾಟ್ ತೆಗೆದಿದೀನಿ ಅಂತ, ಆದ್ರೆ ಶನಿವಾರ ಬರೀ ಅವ್ರ ಹೆಸರಿನ ಕಪ್ಪು ಚೌಕ. ಸುಮಾರು ನಾಲ್ಕು ತಿಂಗಳು ಹೀಗೇ. ಕ್ರಮೇಣ ನಮ್ಮ ಕಾಲ್ ಉದ್ದ ಆಯ್ತು, ಅವ್ರ ದನಿ ಸಣ್ಣ ಆಗ್ತಾ ಬಂದಿದೆ, ಹೆಂಡ್ತಿಗೇ ಕೇಳ್ಸಲ್ಲ, ಮುಖದಲ್ಲಿ ನಗು ಬಂದ್ರೂ ಹೊರಗೆ ಕಾಣಲ್ಲ, ಅದಕ್ಕೇ ಕ್ಯಾಮೆರಾ ಬೇಡ ಅಂದ್ರು. ಪಾರ್ಕಿನ್ಸನ್‌ನಲ್ಲಿ ಅದೂ ಒಂದು ಲಕ್ಷಣ, ಮುಖದ ಸ್ನಾಯು ಬಿಗಿಯಾಗಿ ಭಾವ ತೋರಲ್ಲ, ಜನ ಇವ್ರಿಗೆ ಬೇಜಾರಾಗಿದೆ ಇಲ್ಲಾ ಕೋಪ ಬಂದಿದೆ ಅಂದ್ಕೋತಾರೆ. ನಾನು ಏನೂ ಹೇಳ್ದೆ ಕೇಳಿಸ್ಕೊಂಡೆ. ಅದಾದ ಎಷ್ಟೋ ವಾರಕ್ಕೆ ಒಂದಿನ ಕ್ಯಾಮೆರಾ ಆನ್ ಆಯ್ತು, ಮುಖ ಇಲ್ಲ, ಎರಡು ಪಾದ ಮತ್ತೆ ಕುರ್ಚಿಯ ನಾಲ್ಕು ಕಾಲು ಮಾತ್ರ. ಪಾದ ತಾಳ ಹಾಕ್ತಿತ್ತು. ಮೇಡಂ ಹೆಸರು ಹಿಡಿದು "ಹಿಮ್ಮಡಿ ಚೆನ್ನಾಗಿದೆ ಸರ್" ಅಂದು ಮುಂದಕ್ಕೆ ಹೋದ್ರು, ಅಷ್ಟೇ.

2022ರಲ್ಲಿ ಮತ್ತೆ ಎದುರಾಬದುರಾ ಕ್ಲಾಸ್ ಶುರು ಮಾಡ್ಬೇಕು ಅಂದಾಗ ಮೇಡಂ ಕೇಳಿದ್ದು ನಮ್ಮ ಆಡಿಟೋರಿಯಂ. ಪ್ರಿನ್ಸಿಪಾಲ್ ಶನಿವಾರ ಬೆಳಗ್ಗೆ ಬಿಟ್ಟುಕೊಟ್ರು. ಸ್ಟೇಜಿಗೆ ಮೆಟ್ಟಿಲು ಇತ್ತಲ್ಲ, ಎನ್ನೆಸ್ಸೆಸ್ ಹುಡುಗ್ರು ಹಲಗೆ ಹಾಕಿ ಇಳಿಜಾರು ಮಾಡಿಕೊಟ್ರು, ಅವ್ರಿಗೆ ಈ ಪತ್ರಿಕೆ ಮೂಲಕ ಥ್ಯಾಂಕ್ಸ್ ಹೇಳ್ಬೇಕು, ಅವತ್ತು ಹೇಳೋಕಾಗಿರ್ಲಿಲ್ಲ. ಆದ್ರೆ ಎಲ್ರೂ ಬರೋ ಸ್ಥಿತೀಲಿ ಇರ್ಲಿಲ್ಲ. ದೂರದವ್ರು, ಕರ್ಕೊಂಡು ಬರೋಕೆ ಜನ ಇಲ್ದೋರು. ಅವ್ರನ್ನ ಬಿಟ್ಟು ಹೋಗೋ ಮಾತೇ ಇಲ್ಲ ಅಂದ್ರು ಮೇಡಂ. ಮೊದಲು ಲ್ಯಾಪ್‌ಟಾಪ್ ಒಂದು ಮೂಲೇಲಿ ಇಟ್ಟಿದ್ವಿ, ಮನೇಲಿ ಇದ್ದವ್ರಿಗೆ ಬರೀ ಬೆನ್ನು ಕಾಣೋದು. ಆಮೇಲೆ ಟ್ಯಾಬ್ ತಂದು ವೃತ್ತದಲ್ಲಿ ಒಬ್ರ ಕೈಗೆ ಕೊಟ್ವಿ, ವೃತ್ತ ತಿರುಗಿದ್ರೆ ಟ್ಯಾಬೂ ತಿರುಗುತ್ತೆ, ಪಕ್ಕದವ್ರು ಟ್ಯಾಬ್ ಕಡೆಗೂ ತಿರುಗಿ ಕೈ ಚಾಚ್ತಾರೆ.

ಮೇಷ್ಟ್ರು ಮೊದಲ ದಿನ ಬಂದು ಬಾಗಿಲಲ್ಲೇ ನಿಂತುಬಿಟ್ರು. ಸಂಕೋಚಕ್ಕಲ್ಲ, ಕಾಲು ನೆಲಕ್ಕೆ ಅಂಟಿದ ಹಾಗೆ ಆಗೋದು, ಬಾಗಿಲು ದಾಟೋವಾಗ ಪಾರ್ಕಿನ್ಸನ್ ಇರೋವ್ರಿಗೆ ಹೀಗಾಗೋದು ಸಾಮಾನ್ಯ. ಹಿಂದಿನಿಂದ ತಳ್ಳಬಾರ್ದು, ಎಳೀಬಾರ್ದು. ನೆಲದ ಮೇಲೆ ಒಂದು ಗೆರೆ ಕಂಡ್ರೆ, ಇಲ್ಲಾ ಒಂದು ತಾಳ ಕೇಳ್ಸಿದ್ರೆ ಕೆಲವ್ರಿಗೆ ಹೆಜ್ಜೆ ಎದ್ದು ಬರುತ್ತೆ. ನಾನು ಅವ್ರನ್ನ ಮುಖ ನೋಡಿ ಗುರುತು ಹಿಡೀಲಿಲ್ಲ, ಚಪ್ಪಲಿ ನೋಡಿ ಹಿಡ್ದೆ. ಪಕ್ಕ ಹೋಗಿ ನಿಂತು ತೊಡೆ ತಟ್ಟಿ ಒಂದು ಎರಡು ಮೂರು ನಾಲ್ಕು ಅಂತ ಎಣಿಸ್ದೆ. ಎರಡನೇ ಸುತ್ತಿಗೆ ಬಲಗಾಲು ಬಂತು. ನನ್ನ ದನಿ ಕೇಳಿ, "ಓ, ಶುಕ್ರವಾರದ ಹುಡುಗಿ ನೀನೇನಾ" ಅಂದ್ರು.

ಈಗ ಟ್ಯಾಬ್ ಹಿಡಿಯೋದು ಹೆಚ್ಚಾಗಿ ಅವ್ರೇ, ಕೇಳಿ ಇಸ್ಕೊಂಡಿದ್ದು. ಕೈ ನಡುಗೋದ್ರಿಂದ ಮನೇಲಿರೋವ್ರಿಗೆ ಚಿತ್ರ ಅಲ್ಲಾಡುತ್ತೆ. ಬೇರೆಯವ್ರ ಕೈಗೆ ಕೊಡಿ ಅಂತ ಇಲ್ಲೀವರ್ಗೂ ಒಬ್ರೂ ಹೇಳಿಲ್ಲ.