ಕನ್ನಡ ಕೀಬೋರ್ಡ್‌ಗಳ ವೇಗ ಅಳೆಯುವುದು ಹೇಗೆ

ಎರಡು ಕನ್ನಡ ಕೀಬೋರ್ಡ್‌ಗಳಲ್ಲಿ ಯಾವುದು ಬೇಗ ಎಂದು ಅಳೆಯಲು ಹೊರಟವರು ಎಡವುವುದು ಎಣಿಕೆಯಲ್ಲೇ. ಇಂಗ್ಲಿಷ್ ಟೈಪಿಂಗ್ ಸಂಶೋಧನೆಯಲ್ಲಿ ಖಾಲಿ ಜಾಗವೂ ಸೇರಿ 5 ಕ್ಯಾರೆಕ್ಟರ್ ಅಂದರೆ ಒಂದು ಪದ. ಆ ಲೆಕ್ಕದಲ್ಲಿ 'ಸ್ತ್ರೀ' ಒಂದೇ ಅಕ್ಷರ ಒಂದು ಪದವನ್ನೂ ಮೀರುತ್ತದೆ. ಯೂನಿಕೋಡ್‌ನಲ್ಲಿ ಅದಕ್ಕೆ 6 ಸಂಕೇತ: ಸ, ಹಲಂತ, ತ, ಹಲಂತ, ರ, ದೀರ್ಘದ ಗುಡಿಸು. ಆದ್ದರಿಂದ ನಿಮಿಷಕ್ಕೆ ಎಷ್ಟು ಅಕ್ಷರ ಎಂದೇ ಬರೆಯಿರಿ. ಅಕ್ಷರ ಎಣಿಸುವ ಲೈಬ್ರರಿಗೆ (ಸಿದ್ಧ ಕೋಡ್‌ಗೆ) ಮೊದಲು 'ಸ್ತ್ರೀ' ಕೊಟ್ಟು ನೋಡಿ; 3 ಎಂದು ಬಂದರೆ ಅದು ಒತ್ತಕ್ಷರವನ್ನು ಒಡೆಯುತ್ತಿದೆ, ನಿಯಮ ನೀವೇ ಬರೆಯಬೇಕು.

ತಪ್ಪುಗಳ ಲೆಕ್ಕದಲ್ಲೂ ಇಂಥದ್ದೇ ಒಂದು ಬಲೆ. 'ಕೋ'ದ ಸ್ವರಚಿಹ್ನೆ ಒಂದು ಸಂಕೇತವಾಗಿಯೂ ಬರಬಹುದು, ಮೂರು ಬಿಡಿ ಸಂಕೇತಗಳಾಗಿಯೂ ಬರಬಹುದು. ಪರದೆಯ ಮೇಲೆ ಎರಡೂ ಒಂದೇ, ಪ್ರೋಗ್ರಾಮಿಗೆ ಬೇರೆ. ಹೋಲಿಸುವ ಮುಂಚೆ ಕೊಟ್ಟ ವಾಕ್ಯ, ಬರೆದ ವಾಕ್ಯ ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಸಂಕೇತಗಳನ್ನು ಕೂಡಿಸಿ ಬರೆಯುವ ಯೂನಿಕೋಡ್ ರೂಪಕ್ಕೆ, ತನ್ನಿ. ಇಲ್ಲದಿದ್ದರೆ ಸರಿಯಾಗಿ ಬರೆದವರ ತಲೆಗೆ ತಪ್ಪು ಕಟ್ಟಿದಂತಾಗುತ್ತದೆ.

ಆಂಡ್ರಾಯ್ಡ್ ಬ್ರೌಸರ್‌ನಲ್ಲಿ 'ಕೀಡೌನ್' (ಕೀ ಒತ್ತಿದ್ದನ್ನು ತಿಳಿಸುವ ಘಟನೆ) ನಂಬಬೇಡಿ. ಯಾವ ಕೀ ಒತ್ತಿದರೂ ಅದರ ಸಂಖ್ಯೆ ಬಹುಪಾಲು 229 ಎಂದೇ ದಾಖಲಾಗುತ್ತದೆ. ಪಠ್ಯ ಬದಲಾದಾಗ ಬರುವ 'ಇನ್‌ಪುಟ್' ಘಟನೆಗಳನ್ನು, ಪ್ರತಿ ಸಲ ಬದಲಾದ ಪೂರ್ತಿ ಪಠ್ಯದೊಂದಿಗೆ ಉಳಿಸಿಕೊಳ್ಳಿ. ಕೀಬೋರ್ಡ್ ತೋರಿಸುವ ಪದಗಳ ಸಲಹಾ ಪಟ್ಟಿಯಿಂದ ಇಡೀ ಪದ ಒಮ್ಮೆಗೇ ಬಿದ್ದದ್ದು ಆಗಷ್ಟೇ ಗೊತ್ತಾಗುವುದು.

ಈ ಸಲಹಾ ಪಟ್ಟಿ ಇನ್ನೊಂದು ಕಿತಾಪತಿ ಮಾಡುತ್ತದೆ. ಎಲ್ಲರಿಗೂ ಒಂದೇ ಫೋನ್ ಕೊಟ್ಟರೆ, ಮೊದಲಿನವರು ಬರೆದ ವಾಕ್ಯಗಳನ್ನು ಕೀಬೋರ್ಡ್ ಕಲಿತು ನಂತರದವರಿಗೆ ಬಡಿಸುತ್ತದೆ. ಕೊನೆಕೊನೆಯವರು ಸುಮ್ಮಸುಮ್ಮನೆ ವೇಗವಾಗಿ ಕಾಣುತ್ತಾರೆ. ಒಬ್ಬೊಬ್ಬರು ಮುಗಿಸಿದಾಗಲೂ ಕೀಬೋರ್ಡ್ ಆ್ಯಪಿನ ಡೇಟಾ ಅಳಿಸಿ. ಅಳಿಸಿದ ಮೇಲೆ ಭಾಷೆ, ಕೀಗಳ ವಿನ್ಯಾಸ ಮತ್ತೆ ಹೊಂದಿಸುವುದು ಮರೆಯಬಾರದು.

ಪ್ರಯೋಗದ ವಿನ್ಯಾಸ ಸರಳವೇ ಇರಲಿ: 16 ಜನ, ಎಲ್ಲರೂ ಎರಡನ್ನೂ ಬಳಸುವುದು, ಅರ್ಧ ಜನ ಒಂದರಿಂದ ಶುರು, ಉಳಿದರ್ಧ ಇನ್ನೊಂದರಿಂದ. ಪ್ರತಿ ಕೀಬೋರ್ಡ್‌ಗೆ 5 ಅಭ್ಯಾಸದ ವಾಕ್ಯ, 15 ಅಳತೆಯ ವಾಕ್ಯ. ವಾಕ್ಯಗಳು 12ರಿಂದ 18 ಅಕ್ಷರದೊಳಗಿರಲಿ, ಒತ್ತಕ್ಷರಗಳ ಪ್ರಮಾಣ ಎರಡೂ ಕೀಬೋರ್ಡ್‌ಗಳ ವಾಕ್ಯಗಳಲ್ಲಿ ಸಮವಿರಲಿ. ಓದಿ ನೆನಪಿಟ್ಟುಕೊಂಡು 'ಶುರು' ಒತ್ತಿದ ಮೇಲೆ ಗಡಿಯಾರ ಓಡಲಿ.

ವರ್ಷಗಟ್ಟಲೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದವರಿಗೆ ಕನ್ನಡ ಅಕ್ಷರಗಳನ್ನೇ ನೇರವಾಗಿ ಒತ್ತುವ ಇನ್‌ಸ್ಕ್ರಿಪ್ಟ್ ವಿನ್ಯಾಸ ಕೊಟ್ಟು, ಒಂದೇ ಕೂರಿಕೆಯಲ್ಲಿ ತೀರ್ಪು ಕೊಡುವುದು ನನ್ನ ಮಟ್ಟಿಗೆ ಪ್ರಯೋಗವೇ ಅಲ್ಲ. ಅಲ್ಲಿ ಅಳೆದದ್ದು ರೂಢಿಯನ್ನು. ಹೊಸ ವಿನ್ಯಾಸವಾದರೆ ಬೇರೆಬೇರೆ ದಿನ ಹಲವು ಸಲ ಕೂರಿಸಿ, ವೇಗದ ಏರಿಕೆಯನ್ನೇ ತೋರಿಸಿ.

ವಿಶ್ಲೇಷಣೆಯಲ್ಲಿ ಒಂದು ಕೀಬೋರ್ಡ್‌ಗೆ 240 ವಾಕ್ಯ ಸಿಕ್ಕರೂ ಅವು 240 ಸ್ವತಂತ್ರ ಅಳತೆಗಳಲ್ಲ; ಒಬ್ಬೊಬ್ಬರೂ ಅದರಲ್ಲಿ 15 ಬರೆದಿರುತ್ತಾರೆ. ಪ್ರತಿ ಕೀಬೋರ್ಡ್‌ಗೂ ಒಬ್ಬೊಬ್ಬರ ಸರಾಸರಿ ತೆಗೆದು ಜೋಡಿ ಟಿ-ಪರೀಕ್ಷೆ (ಅದೇ ವ್ಯಕ್ತಿಯ ಎರಡು ಸರಾಸರಿಗಳ ವ್ಯತ್ಯಾಸ ನೋಡುವ ಸಂಖ್ಯಾಶಾಸ್ತ್ರದ ಪರೀಕ್ಷೆ) ಮಾಡಿ, ಇಲ್ಲವೇ ವ್ಯಕ್ತಿ, ವಾಕ್ಯ ಎರಡನ್ನೂ ಸೇರಿಸಿಕೊಳ್ಳುವ ಮಿಶ್ರ ಮಾದರಿ ಬಳಸಿ.