ಸ್ಪೋರ್ಟ್ ಸೆಡಾನ್ ಎಂಬ ಹೆಸರು ಯಾವ ಕಾರಿಗೆ ಸಲ್ಲುತ್ತದೆ

ಸಾದಾ ಸೆಡಾನ್‌ಗೆ ಕಪ್ಪು ಗ್ರಿಲ್, ಕೆಂಪು ಹೊಲಿಗೆಯ ಸೀಟು, ಡಿಕ್ಕಿಯ ಮೇಲೊಂದು ಸ್ಪಾಯ್ಲರ್ ಸೇರಿಸಿ 'ಸ್ಪೋರ್ಟ್' ಎಂದು ಮಾರುವುದು ಈಗ ರೂಢಿ. ಕೊಳ್ಳುವವರು ಮೊದಲು ಕೇಳುವುದು ಎಷ್ಟು ಪಿಎಸ್ (ಎಂಜಿನ್ನಿನ ಅಶ್ವಶಕ್ತಿ), ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಎಂದೇ. ನನ್ನ ಅಳತೆಗೋಲು ಬೇರೆ. ಕಾರಿನಲ್ಲಿ ನಾಲ್ಕು ಜನ, ಡಿಕ್ಕಿಯಲ್ಲಿ ಸಾಮಾನು, ತಿರುವಿನ ನಟ್ಟನಡುವೆ ಒಂದು ಗುಂಡಿ, ಅದಾದ ಕೂಡಲೇ ಬ್ರೇಕ್ ಹಿಡಿಯಲೇಬೇಕಾದ ಇನ್ನೊಂದು ತಿರುವು. ಅಂಥ ಕಡೆ ಚಕ್ರ ನೆಲ ಬಿಡಬಾರದು, ನೆಲದ ಸುದ್ದಿ ಸ್ಟಿಯರಿಂಗ್‌ಗೆ ಬರುತ್ತಿರಬೇಕು, ಬ್ರೇಕ್ ಹತ್ತನೇ ಸಲವೂ ಮೊದಲ ಸಲದಂತೆಯೇ ಕಚ್ಚಬೇಕು. ಇಷ್ಟನ್ನೂ ಮಾಡಿ, ಹಿಂದೆ ಕೂತವರ ಸೊಂಟ ಮುರಿಯದ ಕಾರೇ ಸ್ಪೋರ್ಟ್ ಸೆಡಾನ್. ಅದರ ಚಾಸಿ, ಅಂದರೆ ಚೌಕಟ್ಟು, ಸಸ್ಪೆನ್ಶನ್, ಸ್ಟಿಯರಿಂಗ್, ಬ್ರೇಕ್ ಎಲ್ಲ ಸೇರಿದ್ದು, ಎಂಜಿನ್‌ಗಿಂತ ಒಂದು ಹೆಜ್ಜೆ ಮುಂದಿರುತ್ತದೆ. ಎಂಜಿನ್ ಚಾಸಿಯನ್ನು ಹಿಂದೆ ಹಾಕಿದರೆ ಅದು ಬರೀ ವೇಗದ ಕಾರು.

ಈ ಸೂತ್ರ ಹಳೆಯದು. 1962ರ ಆಲ್ಫಾ ರೋಮಿಯೋ ಜೂಲಿಯಾ ಟಿಐ ಪೆಟ್ಟಿಗೆಯಂತೆ ಕಾಣುವ ನಾಲ್ಕು ಬಾಗಿಲಿನ ಕುಟುಂಬದ ಕಾರು. ಆದರೆ ಅದರೊಳಗಿದ್ದದ್ದು 1,570 ಸಿಸಿಯ ಎರಡು ಕ್ಯಾಮ್‌ಶಾಫ್ಟಿನ ಎಂಜಿನ್ ಮತ್ತು ಐದು ಗೇರ್. ಇದಕ್ಕೂ ಒಂದು ವರ್ಷ ಮೊದಲು, 1961ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಬಿಎಂಡಬ್ಲ್ಯೂ 1500 ಬಂದಿತ್ತು. ಮುಂದೆ ಸ್ಪ್ರಿಂಗನ್ನೂ ಅದರ ಕುಲುಕಾಟ ತಡೆಯುವ ಡ್ಯಾಂಪರನ್ನೂ ಒಂದೇ ಕಂಬದಲ್ಲಿ ಕೂಡಿಸಿದ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಎರಡೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಶನ್. ಎಷ್ಟೋ ಸೆಡಾನ್‌ಗಳು ಹಿಂದೆ ಎರಡೂ ಚಕ್ರಗಳನ್ನು ಒಟ್ಟಿಗೆ ಬಿಗಿದ ಗಟ್ಟಿ ಆಕ್ಸೆಲ್ ಹೊತ್ತು ಓಡುತ್ತಿದ್ದ ಕಾಲ ಅದು. ಆಮೇಲೆ ಬಂದ ಮರ್ಸಿಡಿಸ್ 190ಇ ಹಿಂಚಕ್ರಗಳಿಗೆ ಐದು ಕೊಂಡಿಗಳ ಸಸ್ಪೆನ್ಶನ್ ತಂದಿತು. 1984ರ ಮೇ ತಿಂಗಳಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ ಹೊಸ ಟ್ರ್ಯಾಕ್ ಉದ್ಘಾಟನೆಗೆ ಆ ಕಾಲದ ದೊಡ್ಡ ದೊಡ್ಡ ಚಾಲಕರಿಗೆ ಒಂದೇ ಬಗೆಯ 190ಇ 2.3-16 ಕಾರುಗಳನ್ನು ಕೊಟ್ಟು ರೇಸ್ ನಡೆಸಿದರು, ಗೆದ್ದದ್ದು ಬ್ರೆಜಿಲ್‌ನ ರೇಸ್ ಚಾಲಕ ಐರ್ಟನ್ ಸೆನ್ನಾ. ನಾಲ್ಕು ಬಾಗಿಲಿನ ಕಾರಿನ ಮೇಲೆ ಅದನ್ನು ಮಾಡಿದವರಿಗೆ ಅಷ್ಟು ಭರವಸೆ ಇತ್ತು.

ಬಿಡಿಸಿ ನೋಡಲು ನಾನು ಆರಿಸಿಕೊಳ್ಳುವುದು ಬಿಎಂಡಬ್ಲ್ಯೂ 330ಐ, ಇ46 ಎಂಬ ಸಂಕೇತದ ತಲೆಮಾರಿನದು. 2,979 ಸಿಸಿ, ಸಾಲಾಗಿ ನಿಂತ ಆರು ಸಿಲಿಂಡರ್, 231 ಪಿಎಸ್, 3,500 ಆರ್‌ಪಿಎಂನಲ್ಲಿ 300 ಎನ್‌ಎಂ ತಿರುಚುಬಲ (ಟಾರ್ಕ್). ತೂಕ ಸುಮಾರು ಒಂದೂವರೆ ಟನ್. ಇವತ್ತಿನ ಲೆಕ್ಕದಲ್ಲಿ ಈ ಅಂಕಿಗಳು ಯಾರನ್ನೂ ಬೆರಗುಗೊಳಿಸುವುದಿಲ್ಲ. ಆದರೂ ಸ್ಪೋರ್ಟ್ ಸೆಡಾನ್ ಅಂದರೇನು ಎಂದು ಕೇಳಿದವರಿಗೆ ಜ್ಯಾಕ್ ಕೊಟ್ಟು ಎತ್ತಿ ತೋರಿಸಬೇಕಾದ ಕಾರು ಇದೇ.

ಮೊದಲು ತೂಕ ಹಂಚಿರುವ ರೀತಿ. ಉದ್ದನೆಯ ಎಂಜಿನ್ನನ್ನು ಆದಷ್ಟೂ ಹಿಂದಕ್ಕೆ, ಕ್ಯಾಬಿನ್ ಕಡೆಗೆ ತಳ್ಳಿ ಕೂರಿಸಿದ್ದಾರೆ. ಬ್ಯಾಟರಿಯನ್ನು ಬಾನೆಟ್ಟಿನಡಿಯಿಂದ ತೆಗೆದು ಡಿಕ್ಕಿಯ ಬಲಮೂಲೆಗೆ ಸಾಗಿಸಿದ್ದಾರೆ. ಹೀಗೆ ಮುಂದೆ ಹಿಂದೆ ಹೆಚ್ಚುಕಡಿಮೆ ಸಮಭಾರ. ಮುಂಚಕ್ರಗಳಿಗೆ ತಿರುಗಿಸುವ ಕೆಲಸ, ಹಿಂಚಕ್ರಗಳಿಗೆ ತಳ್ಳುವ ಕೆಲಸ. ಟಯರಿನ ಹಿಡಿತಕ್ಕೆ ಒಂದು ಮಿತಿ ಇದೆ, ಅದನ್ನು ತಿರುವಿಗೂ ವೇಗವರ್ಧನೆಗೂ ಹಂಚಿದರೆ ಎರಡಕ್ಕೂ ಕಡಿಮೆಯಾಗುತ್ತದೆ. ಜೋರಾದ ಫ್ರಂಟ್ ವೀಲ್ ಡ್ರೈವ್ ಕಾರು ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒತ್ತಿದರೆ ಮೂತಿ ಹೊರಗೆ ಜಾರುವುದು ಇದೇ ಕಾರಣಕ್ಕೆ. ಹಾಗೆಂದು ಫ್ರಂಟ್ ವೀಲ್ ಡ್ರೈವ್ ಸ್ಪೋರ್ಟ್ ಸೆಡಾನ್ ಆಗಲಾರದು ಎಂದು ನಾನು ಹೇಳುವುದಿಲ್ಲ, ಅದಕ್ಕೆ ಎಡಬಲ ಚಕ್ರಗಳಿಗೆ ಬಲ ಹಂಚುವ ಒಳ್ಳೆಯ ಡಿಫರೆನ್ಶಿಯಲ್ ಮತ್ತು ಚುರುಕಾದ ಹಿಂಭಾಗ ಬೇಕು.

ಸ್ಪ್ರಿಂಗು ಮತ್ತು ಡ್ಯಾಂಪರ್ ವಿಷಯದಲ್ಲೇ ಹೆಚ್ಚು ಜನ ಎಡವುವುದು. ಗಟ್ಟಿ ಇದ್ದಷ್ಟೂ ಸ್ಪೋರ್ಟಿ ಎಂಬ ನಂಬಿಕೆ ತಪ್ಪು. ಆರಾಮದ ಸೆಡಾನ್‌ನ ದೇಹ ತನ್ನ ಸ್ಪ್ರಿಂಗುಗಳ ಮೇಲೆ ಸೆಕೆಂಡಿಗೆ ಸುಮಾರು 1ರಿಂದ 1.2 ಸಲ ತೂಗಿದರೆ, ಒಳ್ಳೆಯ ಸ್ಪೋರ್ಟ್ ಸೆಡಾನ್‌ನದು 1.3ರಿಂದ 1.6ರ ಆಸುಪಾಸು. ಅಂತರ ಅಷ್ಟೇ. ಹಿಂದಿನ ಸ್ಪ್ರಿಂಗು ಮುಂದಿನದಕ್ಕಿಂತ ತುಸು ಬೇಗ ತೂಗುವಂತೆ ಮಾಡುವುದು ಹಳೆಯ ಎಂಜಿನಿಯರ್‌ಗಳ ಜಾಣ್ಮೆ. ಇ46ರ ಮುಂಚಕ್ರಕ್ಕೂ ಹಿಂಚಕ್ರಕ್ಕೂ ಇರುವ ಅಂತರ 2.725 ಮೀಟರ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಮುಂಚಕ್ರ ದಾಟಿದ ಉಬ್ಬನ್ನು ಹಿಂಚಕ್ರ ಮುಟ್ಟುವುದು ಸುಮಾರು 0.12 ಸೆಕೆಂಡ್ ತಡವಾಗಿ. ತಡವಾಗಿ ಶುರುಮಾಡಿದ ಹಿಂಭಾಗ ಬೇಗ ತೂಗಿ ಮುಂಭಾಗವನ್ನು ಸೇರಿಕೊಂಡರೆ ಕಾರು ಮುಗ್ಗರಿಸದೆ ಮಟ್ಟಸವಾಗಿ ಏರಿಳಿಯುತ್ತದೆ. ಹಿಂದಿನ ಸೀಟಿನವರಿಗೆ ವಾಂತಿ ಬರದಿರುವುದಕ್ಕೂ, ಚಾಲಕನಿಗೆ ತಿರುವಿನಲ್ಲಿ ಧೈರ್ಯ ಬರುವುದಕ್ಕೂ ಇದೊಂದೇ ಕಾರಣ ಸಾಕು.

ಆಮೇಲೆ ಕಾರನ್ನು ತಗ್ಗಿಸುವ ಚಟ. 40 ಮಿ.ಮೀ. ಗಿಡ್ಡ ಸ್ಪ್ರಿಂಗು ಹಾಕಿದರೆ ಏನಾಗುತ್ತದೆ ನೋಡಿ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರಿನಲ್ಲಿ ಚಕ್ರವನ್ನು ದೇಹಕ್ಕೆ ಜೋಡಿಸುವ ಕೆಳಗಿನ ಕಂಟ್ರೋಲ್ ಆರ್ಮ್ ಚಕ್ರದ ಕಡೆಗೆ ಮೇಲ್ಮುಖವಾಗಿ ವಾಲುತ್ತದೆ. ದೇಹ ಯಾವ ಬಿಂದುವಿನ ಸುತ್ತ ಓಲಾಡುತ್ತದೋ ಆ ರೋಲ್ ಸೆಂಟರ್, ದೇಹ ಇಳಿದದ್ದಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ. ದೇಹದ ಭಾರದ ಕೇಂದ್ರಕ್ಕೂ ಆ ಬಿಂದುವಿಗೂ ನಡುವಿನ ಅಂತರ ಬೆಳೆದು ಓಲಾಟದ ಬಲವೇ ಜಾಸ್ತಿಯಾಗುತ್ತದೆ. ಅದನ್ನು ತಡೆಯಲು ಇನ್ನೂ ಗಟ್ಟಿ ಸ್ಪ್ರಿಂಗು, ಅದಕ್ಕೆ ಸಾಲದ ಹಳೆಯ ಡ್ಯಾಂಪರ್. ಚಕ್ರ ಮೇಲೇರಲು ಜಾಗ ಕಡಿಮೆಯಾಗಿ, ತಿರುವಿನ ಮಧ್ಯೆ ಗುಂಡಿ ಸಿಕ್ಕಾಗ ಡ್ಯಾಂಪರ್ ಹೋಗಿ ಬಂಪ್ ಸ್ಟಾಪ್ ಎಂಬ ಕೊನೆಯ ತಡೆಗೆ ಬಡಿಯುತ್ತದೆ. ಆ ಕ್ಷಣ ಸಸ್ಪೆನ್ಶನ್ ಇಲ್ಲದಂತೆಯೇ. ಮುಂದೆ ಬಡಿದರೆ ಕಾರು ನೇರ ಹೋಗುತ್ತದೆ, ಹಿಂದೆ ಬಡಿದರೆ ಬಾಲ ಹೊರಳುತ್ತದೆ. 19 ಇಂಚಿನ ಚಕ್ರ ಹಾಕುವುದೂ ಇದೇ ಜಾತಿಯ ಕೆಲಸ. ಪ್ರತಿ ಮೂಲೆಯಲ್ಲೂ ಸ್ಪ್ರಿಂಗಿನ ಕೆಳಗಿನ ತೂಕ ಏರಿ, ಡ್ಯಾಂಪರ್‌ಗೆ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುವುದು ಕಷ್ಟವಾಗುತ್ತದೆ, ನಮ್ಮ ಗುಂಡಿಗಳಲ್ಲಿ ರಿಮ್ ಬಾಗುತ್ತದೆ. ಇ46ಗೆ 17 ಇಂಚು ಸಾಕು: ಮುಂದೆ 225/45 ಅಳತೆಯ ಟಯರ್, ಹಿಂದೆ ಬೇಕಿದ್ದರೆ 245/40.

ಇಷ್ಟೆಲ್ಲ ಸರಿಯಿದ್ದರೂ ಒಂದು ಬುಷ್ (ಕೊಂಡಿಗಳ ಕೀಲಿನಲ್ಲಿ ಕೂರುವ ರಬ್ಬರ್ ತುಂಡು) ಹೋದರೆ ಸ್ಪೋರ್ಟ್ ಸೆಡಾನ್ ಸ್ಪೋರ್ಟ್ ಸೆಡಾನ್ ಆಗಿ ಉಳಿಯುವುದಿಲ್ಲ. ಇ46ರ ಹಿಂದೆ ಪ್ರತಿ ಬದಿಗೂ ಒಂದು ಉದ್ದನೆಯ ಟ್ರೇಲಿಂಗ್ ಆರ್ಮ್, ಎರಡು ಅಡ್ಡ ಕೊಂಡಿಗಳು. ಟ್ರೇಲಿಂಗ್ ಆರ್ಮಿನ ಮುಂತುದಿಯಲ್ಲಿ ಮುಷ್ಟಿಗಾತ್ರದ ರಬ್ಬರ್ ಬುಷ್ ಇದೆ, ಅದರ ಬ್ರಾಕೆಟ್ ಮೂರು ಬೋಲ್ಟುಗಳಲ್ಲಿ ದೇಹಕ್ಕೆ ಕೂತಿದೆ. ರಬ್ಬರ್ ಹರಿದರೆ ಆಕ್ಸಿಲರೇಟರ್ ಬಿಟ್ಟಾಗ, ಒತ್ತಿದಾಗ, ಬ್ರೇಕ್ ಹಿಡಿದಾಗ ಹಿಂಚಕ್ರದ ದಿಕ್ಕೇ ಒಂದಿಷ್ಟು ಬದಲಾಗುತ್ತದೆ. ಹೆದ್ದಾರಿಯಲ್ಲಿ ಲೇನ್ ಬದಲಿಸಿದಾಗ ಹಿಂಭಾಗ ಅರೆಕ್ಷಣ ತಡವಾಗಿ ತನ್ನಷ್ಟಕ್ಕೆ ತಿರುಗಿದಂತೆ ಅನಿಸುತ್ತದೆ. ಬಹಳ ಜನ ಇದನ್ನು ಟಯರಿನ ದೋಷ ಎಂದುಕೊಂಡು ನಾಲ್ಕು ಟಯರ್ ಬದಲಿಸುತ್ತಾರೆ. ಮುಂದಿನ ಕಂಟ್ರೋಲ್ ಆರ್ಮಿನ ಹಿಂಬದಿಯ ಬುಷ್ ಹೋದರೆ ಲಕ್ಷಣ ಬೇರೆ: 80-100ರ ವೇಗದಲ್ಲಿ ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗುತ್ತದೆ. ಡಿಸ್ಕ್ ಸೊಟ್ಟಗಾಗಿದೆ ಎಂದು ಡಿಸ್ಕ್ ಬದಲಿಸುವ ಮೊದಲು ಬುಷ್ ನೋಡಿ.

ಬುಷ್ ಬದಲಿಸುವಾಗ ನಡೆಯುವ ತಪ್ಪು ಒಂದೇ, ಅದೂ ಎಲ್ಲ ಕಡೆ. ಕಾರು ಲಿಫ್ಟಿನ ಮೇಲಿದ್ದು ಚಕ್ರಗಳು ಜೋತಾಡುತ್ತಿರುವಾಗಲೇ ಬೋಲ್ಟ್ ಬಿಗಿದುಬಿಡುತ್ತಾರೆ. ರಬ್ಬರ್ ಬುಷ್ ಉರುಳುವುದಿಲ್ಲ, ತಿರುಚಿಕೊಳ್ಳುತ್ತದೆ. ಜೋತ ಸ್ಥಿತಿಯಲ್ಲಿ ಬಿಗಿದರೆ ಕಾರು ಕೆಳಗಿಳಿದ ಮೇಲೆ ಅದು ನಿಂತಲ್ಲೇ ತಿರುಚಿಕೊಂಡಿರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬೋಲ್ಟ್ ಸಡಿಲ ಇಟ್ಟು, ಕಾರಿನ ಭಾರ ಚಕ್ರಗಳ ಮೇಲೆ ಬಂದ ನಂತರವೇ ಕೊನೆಯ ಬಿಗಿ ಹಾಕಬೇಕು. ಟ್ರೇಲಿಂಗ್ ಆರ್ಮಿನ ಬುಷ್ ಆದರೆ ಬ್ರಾಕೆಟ್ಟನ್ನು ಕಾರು ಸಹಜ ಎತ್ತರದಲ್ಲಿರುವ ಕೋನಕ್ಕೆ ಹೊಂದಿಸಿ ಬಿಗಿದು, ಆಮೇಲೆ ದೇಹಕ್ಕೆ ಜೋಡಿಸಬೇಕು. ಬ್ರಾಕೆಟ್ ಬಿಚ್ಚಿದ್ದೀರೆಂದರೆ ಹಿಂಚಕ್ರದ ಟೋ (ಚಕ್ರ ಒಳಗೋ ಹೊರಗೋ ಮುಖಮಾಡುವ ಕೋನ) ಹೋಯಿತೆಂದೇ ಅರ್ಥ, ಏಕೆಂದರೆ ಈ ಕಾರಿನಲ್ಲಿ ಟೋ ಹೊಂದಿಸುವುದು ಆ ಬ್ರಾಕೆಟ್ಟನ್ನು ಸರಿಸಿಯೇ. ಕೆಳಗೆ ಹೋದಾಗಲೇ ಸಸ್ಪೆನ್ಶನ್ ಹೊತ್ತ ಹಿಂದಿನ ಸಬ್‌ಫ್ರೇಮ್ ದೇಹಕ್ಕೆ ಕೂರುವ ಜಾಗಗಳ ಸುತ್ತ ಟಾರ್ಚ್ ಹಾಕಿ ನೋಡಿ. ಅಲ್ಲಿನ ತಗಡು ಬಿರುಕು ಬಿಡುವುದು ಇ46ರ ಗೊತ್ತಿರುವ ದೌರ್ಬಲ್ಯ, ಅದರಲ್ಲೂ ಮೊದಲ ವರ್ಷಗಳ ಕಾರುಗಳಲ್ಲಿ. ಬಿರುಕಿದ್ದರೆ ಬೆಸುಗೆಯ ಖರ್ಚು ಲೆಕ್ಕಹಾಕಿಯೇ ಮುಂದಿನ ಮಾತು.

ಸ್ಟಿಯರಿಂಗ್ ಬಗ್ಗೆ ನಾನು ಹಟಮಾರಿ. ತಿರುವಿನಲ್ಲಿ ಟಯರ್ ತನ್ನನ್ನು ತಾನೇ ನೇರಮಾಡಿಕೊಳ್ಳಲು ಎಳೆಯುತ್ತದೆ, ಆ ಎಳೆತವೇ ಕೈಗೆ ಸಿಗುವ ಭಾರ. ಅದರ ಗುಟ್ಟೇನೆಂದರೆ, ಟಯರಿನ ಹಿಡಿತ ಮುಗಿಯುವುದಕ್ಕೆ ಸ್ವಲ್ಪ ಮೊದಲೇ ಈ ಎಳೆತ ಇಳಿಯತೊಡಗುತ್ತದೆ. ಕೈಯಲ್ಲಿ ಸ್ಟಿಯರಿಂಗ್ ಹಗುರವಾದರೆ ಮುಂಚಕ್ರ ಜಾರುವ ಹೊತ್ತು ಹತ್ತಿರವಾಯಿತು ಎಂದು ತಿಳಿಯಬೇಕು. ಚಾಲಕನಿಗೆ ಸಿಗುವ ಅತಿ ಬೆಲೆಬಾಳುವ ಮುನ್ಸೂಚನೆ ಇದು. ಇ46ರ ಹೈಡ್ರಾಲಿಕ್ ಸ್ಟಿಯರಿಂಗ್ ಇದನ್ನು ಚೆನ್ನಾಗಿ ದಾಟಿಸುತ್ತಿತ್ತು. ನಂತರದ ಎಫ್30 ತಲೆಮಾರಿನಲ್ಲಿ ವಿದ್ಯುತ್ ಸ್ಟಿಯರಿಂಗ್ ಬಂದು ಈ ಸುದ್ದಿ ಬಹಳ ಮಟ್ಟಿಗೆ ಮೋಟಾರಿನೊಳಗೇ ಕರಗಿಹೋಯಿತು. 'ಸ್ಪೋರ್ಟ್' ಬಟನ್ ಒತ್ತಿದರೆ ಸ್ಟಿಯರಿಂಗ್ ಭಾರವಾಗುತ್ತದೆ ನಿಜ, ಆದರೆ ಭಾರ ಬೇರೆ, ಸುದ್ದಿ ಬೇರೆ.

ಬ್ರೇಕಿಗೆ ಬಂದರೆ ಲೆಕ್ಕ ನೇರ. 1,500 ಕಿಲೋ ಕಾರನ್ನು 100 ಕಿ.ಮೀ. ವೇಗದಿಂದ ನಿಲ್ಲಿಸಿದರೆ ಸುಮಾರು 580 ಕಿಲೋಜೂಲ್ ಶಾಖ ಹುಟ್ಟುತ್ತದೆ, 140ರಿಂದ ನಿಲ್ಲಿಸಿದರೆ ಅದರ ಎರಡರಷ್ಟು. ಅದನ್ನು ಹೀರಿ ಹೊರಹಾಕಲೆಂದೇ 330ಐಗೆ ಮುಂದೆ 325 ಮಿ.ಮೀ., ಹಿಂದೆ 320 ಮಿ.ಮೀ. ಡಿಸ್ಕ್, ನಾಲ್ಕಕ್ಕೂ ಒಳಗೆ ಗಾಳಿಯ ಹಾದಿ. ಬ್ರೇಕ್ ಸೋಲುವುದು ಎರಡು ರೀತಿ, ಕಾಲಿಗೇ ಗೊತ್ತಾಗುತ್ತದೆ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಕಾದಿದೆ. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಬ್ರೇಕ್ ಫ್ಲೂಯಿಡ್ ಕುದಿದು ಆವಿಯ ಗುಳ್ಳೆ ಎದ್ದಿದೆ. ಎರಡನೆಯದು ಹೆಚ್ಚು ಅಪಾಯ. ಡಾಟ್ 4 ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ನೀರಿನಂಶ ಹೀರಿಕೊಂಡ ಮೇಲಿನ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಕರಾವಳಿಯ ತೇವದಲ್ಲಿ ಕಾರಿಟ್ಟುಕೊಂಡವರು ಒಂದು ದಿನವೂ ಮುಂದೂಡಬೇಡಿ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ ಗೇರ್ ತಗ್ಗಿಸಿ ಎಂಜಿನ್ನಿಗೂ ಕೆಲಸ ಕೊಡಿ.

ಎಂಜಿನ್ ಬಗ್ಗೆ ಹೇಳಬೇಕಾದ್ದು ಕಡಿಮೆ. ಬಲಕ್ಕಿಂತ ಪಾದಕ್ಕೆ ಉತ್ತರ ಕೊಡುವ ರೀತಿ ಮುಖ್ಯ. ತಿರುವಿನ ನಡುವೆ ಪೆಡಲನ್ನು ಐದು ಮಿ.ಮೀ. ಒತ್ತಿದರೆ ಅಷ್ಟಕ್ಕೇ ತಕ್ಕ ಎಳೆತ ಬರಬೇಕು. ಟರ್ಬೊ ತಡವಾಗಿ ಎದ್ದು ಒಮ್ಮೆಗೇ ತಳ್ಳಿದರೆ ಹಿಂಚಕ್ರದ ಲೆಕ್ಕವೆಲ್ಲ ಕೆಡುತ್ತದೆ. 330ಐನ ಎಂ54 ಎಂಜಿನ್ ಈ ವಿಷಯದಲ್ಲಿ ಅಪ್ಪಟ ಚಿನ್ನ. ಆದರೆ ಅದರ ಕೂಲಿಂಗ್ ವ್ಯವಸ್ಥೆಯನ್ನು ನಂಬಬೇಡಿ. ಎಕ್ಸ್‌ಪ್ಯಾನ್ಶನ್ ಟ್ಯಾಂಕ್, ವಾಟರ್ ಪಂಪ್, ಥರ್ಮೋಸ್ಟಾಟ್, ಮೇಲಿನ ಕೆಳಗಿನ ಹೋಸ್ ಎಲ್ಲವನ್ನೂ ಲಕ್ಷ ಕಿ.ಮೀ.ಗೆ ಒಟ್ಟಿಗೇ ಬದಲಿಸಬೇಕು. ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ. ಒಮ್ಮೆ ಜೋರಾಗಿ ಕಾದರೆ ಹೆಡ್ ಬೋಲ್ಟ್ ಕೂರುವ ತಿರುಪಿನ ಎಳೆಗಳೇ ಕಿತ್ತುಬರಬಹುದು. ಕೂಲೆಂಟ್ ಸುಮಾರು 8.4 ಲೀಟರ್, ಅರ್ಧ ಡಿಸ್ಟಿಲ್ಡ್ ವಾಟರ್. ತುಂಬುವಾಗ ಇಗ್ನಿಶನ್ ಆನ್, ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಕಡಿಮೆಗೆ ಇಟ್ಟು, ಗಾಳಿ ಬಿಡುವ ಸ್ಕ್ರೂ ತೆರೆದು, ಗುಳ್ಳೆ ನಿಲ್ಲುವವರೆಗೆ ನಿಧಾನವಾಗಿ ಸುರಿಯಿರಿ.

ಇದೇ ಅಳತೆಗೋಲು ಹಿಡಿದು ನಮ್ಮಲ್ಲಿ ಸಿಗುವ ಕಾರುಗಳನ್ನು ನೋಡೋಣ. ವೋಕ್ಸ್‌ವ್ಯಾಗನ್ ವರ್ಟಸ್ ಜಿಟಿಯ 1.5 ಟಿಎಸ್‌ಐ ಎಂಜಿನ್ 150 ಪಿಎಸ್, 250 ಎನ್‌ಎಂ ಕೊಡುತ್ತದೆ, ದೇಹ ಗಟ್ಟಿ, ಹೆದ್ದಾರಿಯಲ್ಲಿ ಬಹಳ ಚೆನ್ನ. ಆದರೆ ಹಿಂದೆ ಎರಡೂ ಚಕ್ರಗಳನ್ನು ಕೂಡಿಸುವ ಟಾರ್ಶನ್ ಬೀಮ್. ಒಂದು ಚಕ್ರ ಗುಂಡಿಗಿಳಿದರೆ ಇನ್ನೊಂದಕ್ಕೂ ಅದರ ಪಾಲು ತಲುಪುತ್ತದೆ. ನನ್ನ ಮಟ್ಟಿಗೆ ಅದು ಒಳ್ಳೆಯ, ವೇಗದ ಸೆಡಾನ್. 2017ರಲ್ಲಿ ಇಲ್ಲಿಗೆ ಬಂದ 230 ಪಿಎಸ್‌ನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಹಿಂದೆ ಹಲವು ಕೊಂಡಿಗಳ ಸಸ್ಪೆನ್ಶನ್ (ಮಲ್ಟಿಲಿಂಕ್) ಹೊತ್ತು ಗಡಿ ದಾಟಿ ಸ್ಪೋರ್ಟ್ ಸೆಡಾನ್‌ಗಳ ಸಾಲಿಗೆ ಬರುತ್ತದೆ. 2021ರಿಂದ ಚೆನ್ನೈನಲ್ಲಿ ಜೋಡಣೆಯಾಗುತ್ತಿರುವ ಬಿಎಂಡಬ್ಲ್ಯೂ ಎಂ340ಐ ಬಗ್ಗೆ ಅನುಮಾನವೇ ಬೇಡ. ಹಳೆಯದರಲ್ಲಿ ಫೋರ್ಡ್ ಫಿಯೆಸ್ಟಾ 1.6 ಎಸ್ ಬರೀ 101 ಪಿಎಸ್‌ನದಾದರೂ ಸ್ಟಿಯರಿಂಗ್, ಸಸ್ಪೆನ್ಶನ್ ವಿಷಯದಲ್ಲಿ ತನ್ನ ಎರಡರಷ್ಟು ಬೆಲೆಯ ಕಾರುಗಳಿಗೆ ಪಾಠ ಹೇಳುವಂಥದ್ದು.

ಕೈಯಲ್ಲಿರುವ ಕಾರನ್ನು ಸರಿಮಾಡಿಸುವವರು ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಟಯರ್ ಮತ್ತು ತಣ್ಣಗಿರುವಾಗಿನ ಗಾಳಿಯ ಒತ್ತಡ, ನಂತರ ಬುಷ್, ಆಮೇಲೆ ಡ್ಯಾಂಪರ್ ಮತ್ತು ಅದರ ಟಾಪ್ ಮೌಂಟ್, ಬ್ರೇಕ್ ಫ್ಲೂಯಿಡ್, ಇವೆಲ್ಲ ಮುಗಿದ ಮೇಲೆ ಚಕ್ರಗಳ ದಿಕ್ಕು ಹೊಂದಿಸುವ ಅಲೈನ್‌ಮೆಂಟ್. ಬಲ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸುವ ಇಸಿಯು ರೀಮ್ಯಾಪ್ ಈ ಪಟ್ಟಿಯ ಹೊರಗಿನದು. ಅಲೈನ್‌ಮೆಂಟ್‌ನಲ್ಲಿ ಹಿಂಚಕ್ರಗಳನ್ನು ಮೊದಲು ಹೊಂದಿಸಬೇಕು, ಅವು ತೋರಿಸುವ ದಿಕ್ಕಿಗೇ ಮುಂದಿನವನ್ನು ಕೂಡಿಸಬೇಕು. ಬಿಎಂಡಬ್ಲ್ಯೂ ತನ್ನ ಅಲೈನ್‌ಮೆಂಟ್ ಅಂಕಿಗಳನ್ನು ಕೊಟ್ಟಿರುವುದು ಖಾಲಿ ಕಾರಿಗಲ್ಲ. ಮುಂದಿನ ಎರಡು ಸೀಟಿನ ಮೇಲೆ ತಲಾ 68 ಕಿಲೋ, ಹಿಂದಿನ ಸೀಟಿನ ನಡುವೆ 68 ಕಿಲೋ, ಡಿಕ್ಕಿಯಲ್ಲಿ ಒಂದಿಷ್ಟು ಭಾರ, ಟ್ಯಾಂಕ್ ತುಂಬ ಪೆಟ್ರೋಲ್ ಇಟ್ಟು ಅಳೆದಾಗಿನ ಅಂಕಿಗಳವು. ಅಂಗಡಿಯವರು ಖಾಲಿ ಕಾರನ್ನೇ ರ್‍ಯಾಂಪ್ ಹತ್ತಿಸಿ ಹಸಿರು ದೀಪ ತೋರಿಸಿದರೆ ಒಪ್ಪಬೇಡಿ, ಮರಳಿನ ಚೀಲಗಳನ್ನು ಜೊತೆಗೇ ಒಯ್ಯಿರಿ.